ಹೆಸರು ಹಿಡಿದು ಕರೆಯುವ ಗುರು
(ಕುಕ್ಕುಂದೂರಿನಲ್ಲಿ ಉಪಾಧ್ಯಾಯರೂ ಪಾಲಕರೂ ಸೇರಿದ್ದ ಸಭೆಯಲ್ಲಿ ನೀಡಿದ ಪ್ರವಚನ)



ಕಾರ್ಕಳಕ್ಕೆ ಬಂದವರು ಬೆಟ್ಟ ಹತ್ತಿ, 1432ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ನೋಡದೆ ಹೋಗುವುದಿಲ್ಲ. ಗೊಮ್ಮಟನ ಹೆಸರು ಎಲ್ಲರಿಗೂ ಗೊತ್ತು. ಆ ಕಲ್ಲನ್ನು ಎಳೆದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ. ಜಗತ್ತಿನಲ್ಲಿ ಬಹಳ ಜನರ ಹಣೆಬರಹ ಹೀಗೆಯೇ. ಆದರೆ ಶಾಲೆಯಲ್ಲಿ ಹಾಗಾಗಬಾರದು. ಆದ್ದರಿಂದ ಇಂದು ಗುರುಗಳು ಮಕ್ಕಳ ಹೆಸರನ್ನು ಕಲಿಯುವುದು ಹೇಗೆ, ನೆನಪಿಟ್ಟುಕೊಳ್ಳುವುದು ಹೇಗೆ ಎಂಬ ಸಣ್ಣ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಪಾಠ ಚೆನ್ನಾಗಿ ಹೇಳಿದರೆ ಸಾಲದೆ, ಹೆಸರೇಕೆ ಎಂದು ಕೇಳುವವರುಂಟು. ಅವರ ಕಷ್ಟವನ್ನೂ ನಾವು ಬಲ್ಲೆವು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದಿತು. ಮೂವತ್ತು ಹೆಸರು ದೊಡ್ಡ ಮಾತಲ್ಲ. ಆದರೆ ಪ್ರೌಢಶಾಲೆಯಲ್ಲಿ ಗಣಿತ ಹೇಳುವವರು ಐದು ತರಗತಿಗೆ ಹೋಗುತ್ತಾರೆ. ಒಂದೊಂದರಲ್ಲಿ ಅರವತ್ತು ಮಕ್ಕಳಿದ್ದರೆ ಮುನ್ನೂರು ಹೆಸರಾಯಿತು. ಜೂನಿನಲ್ಲಿ ಕಲಿತದ್ದು ಮಾರ್ಚಿಗೆ ಮುಗಿಯುತ್ತದೆ, ಮತ್ತೆ ಹೊಸ ಮುನ್ನೂರು. ಅದಕ್ಕೇ 'ಏ, ಮೂರನೇ ಬೆಂಚು, ನೀಲಿ ಪೆನ್ನಿನವನೇ' ಎಂಬ ಕರೆ ಹುಟ್ಟಿದ್ದು!

ಹೆಸರು ಏಕೆ ಮರೆಯುತ್ತದೆ? 1987ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮುಖಗಳನ್ನು ತೋರಿಸಿ ಅವರವರ ಹೆಸರನ್ನೂ ಕಸುಬನ್ನೂ ಹೇಳಿದರು. ಆ ಭಾಷೆಯಲ್ಲಿ ಬೇಕರ್ ಎಂದರೆ ರೊಟ್ಟಿ ಸುಡುವವನೂ ಹೌದು, ಮನೆತನದ ಹೆಸರೂ ಹೌದು. ಕಸುಬೆಂದು ಹೇಳಿದಾಗ ಆ ಮಾತು ನೆನಪಿನಲ್ಲಿ ನಿಂತಿತು. ಹೆಸರೆಂದು ಹೇಳಿದಾಗ ಅದೇ ಮಾತು ಜಾರಿಹೋಯಿತು. ಕಸುಬೆಂದರೆ ಒಲೆ, ಹಿಟ್ಟು, ಬಿಸಿ ರೊಟ್ಟಿಯ ವಾಸನೆ ಎಲ್ಲವೂ ಜೊತೆಗೆ ಬರುತ್ತವೆ. ಬರಿಯ ಹೆಸರಿಗೆ ತಗುಲಿಕೊಳ್ಳಲು ಗೂಟವೇ ಇಲ್ಲ.

ಇದನ್ನು ಕೇಳಿದಾಗ ನಮಗೆ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಯಿತು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ. ಹೆಸರು ಹೇಳಿದೊಡನೆ ಆತನ ಕೈಯ ಕೆಲಸವೂ ಕಣ್ಣಿಗೆ ಕಟ್ಟುತ್ತದೆ. ಎಂಟು ನೂರು ವರ್ಷ ಕಳೆದರೂ ನಾವು ಮರೆತಿಲ್ಲ. ಅವರಿಗೆ ಕಾಯಕ ನಾಚಿಕೆಯ ಗುರುತಾಗಿರಲಿಲ್ಲ. ತಾವೇ ಮುಡಿದುಕೊಂಡ ಹೂವಾಗಿತ್ತು.

ಆದರೆ ಇಲ್ಲಿ ಎಚ್ಚರ ಬೇಕು. ತಾನಾಗಿ ಹೊತ್ತ ಗುರುತು ಬೇರೆ, ಇತರರು ಹಚ್ಚಿದ ಗುರುತು ಬೇರೆ. ಮಗುವನ್ನು ಜಾತಿಯಿಂದಲೋ, ಬಣ್ಣದಿಂದಲೋ, ಕುಂಟುವ ಕಾಲಿನಿಂದಲೋ ನೆನಪಿಟ್ಟರೆ ಅದು ನೆನಪಲ್ಲ, ಗಾಯ. ಶಿಕ್ಷಕರ ಬಾಯಿಂದ ಒಮ್ಮೆ ಬಿದ್ದ ಅಡ್ಡಹೆಸರನ್ನು ಮರುದಿನ ಇಡೀ ಶಾಲೆ ಕೂಗುತ್ತದೆ.

ಈ ಸೀಮೆಯಲ್ಲಿ ಮನೆತನದ ಹೆಸರಿನಿಂದ ಕರೆದರೆ ಪ್ರಯೋಜನವೂ ಇಲ್ಲ. 'ಶೆಟ್ಟಿ' ಎಂದರೆ ಆರು ಮಕ್ಕಳು ಏಳುತ್ತಾರೆ, 'ಪೂಜಾರಿ' ಎಂದರೆ ಎಂಟು. ಹಿಂದೆ ತುಳುವರಲ್ಲಿ ಹುಟ್ಟಿದ ವಾರದಿಂದಲೇ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂದು ಹೆಸರಿಡುವ ರೂಢಿಯಿತ್ತು. ನಮ್ಮ ಬಯಲುಸೀಮೆಯೂ ಕಡಿಮೆಯೇನಲ್ಲ. ಒಂದೇ ತರಗತಿಯಲ್ಲಿ ನಾಲ್ವರು ಬಸವರಾಜರಿದ್ದು, ದೊಡ್ಡ ಬಸ್ಯಾ, ಸಣ್ಣ ಬಸ್ಯಾ ಎಂದು ಪಂಕ್ತಿ ಹಚ್ಚುತ್ತಾರೆ!

ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಲ್ಲಿನ ಕೆಲಸಕ್ಕೆ, ಮನೆ ಕಟ್ಟುವ ಕೆಲಸಕ್ಕೆ ಕರಾವಳಿಗೆ ಬರುವ ಕುಟುಂಬಗಳಿವೆ. ಅವರ ಮಕ್ಕಳು ಇಲ್ಲಿಯ ಶಾಲೆಗೆ ಸೇರುತ್ತಾರೆ. ಯಲ್ಲವ್ವ, ಹನುಮವ್ವ ಎಂಬ ಹೆಸರು ಇಲ್ಲಿಯ ಮಕ್ಕಳಿಗೆ ನಗೆಯ ವಸ್ತು. ಹೆಸರು ಬಿಟ್ಟು 'ಘಟ್ಟದವಳು' ಎಂದು ಕರೆಯುತ್ತಾರೆ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದ ಆ ಮಗು ತಿರುಗಿ ಬಾರದಿದ್ದರೆ, 'ಘಟ್ಟದವಳು' ಬರಲಿಲ್ಲವೆಂದು ಯಾರು ಚಿಂತಿಸುತ್ತಾರೆ? ಇಂದು ಸರಕಾರ ಪ್ರತಿ ವಿದ್ಯಾರ್ಥಿಗೂ ಸ್ಯಾಟ್ಸ್ ಸಂಖ್ಯೆ ಕೊಟ್ಟಿದೆ. ಮಗು ಯಾವ ಶಾಲೆಗೆ ಹೋಯಿತೆಂದು ತಿಳಿಯಲು ಅದು ಬೇಕು. ಆದರೆ ಸಂಖ್ಯೆ ಜೋಪಡಿಯ ಬಾಗಿಲಿಗೆ ಹೋಗಿ 'ಯಲ್ಲವ್ವ ಎಲ್ಲಿ?' ಎಂದು ಕೇಳುವುದಿಲ್ಲ. ಕೇಳಬೇಕಾದವರು ನೀವು.

ಹಾಗಾದರೆ ಕಲಿಯುವುದು ಹೇಗೆ? ಹಾಜರಿ ಪುಸ್ತಕವನ್ನು ಬಾಯಿಪಾಠ ಮಾಡಬೇಡಿ. ಹಾಜರಿ ಕೂಗುವಾಗ ತಲೆ ಎತ್ತಿ ಮುಖ ನೋಡಿ. ದಿನಕ್ಕೆ ಎರಡು ಬೆಂಚು ಸಾಕು. ಹೆಸರನ್ನು ಮಗುವಿನ ಬಾಯಿಂದಲೇ ಹೇಳಿಸಿ, ಅದು ಹೇಳಿದಂತೆಯೇ ಹೇಳಿ. ಮನೆಯಲ್ಲಿ ಏನು ಮಾಡುತ್ತೀ ಎಂದು ಒಂದು ಮಾತು ಕೇಳಿ. ಹಸು ಮೇಯಿಸುವ ಸುಮತಿ, ಚೆಂಡೆ ಬಾರಿಸುವ ರಾಘು, ಬೀಡಿ ಕಟ್ಟುವ ತಾಯಿಗೆ ಎಲೆ ಕತ್ತರಿಸಿಕೊಡುವ ಹಸೀನಾ ಎಂದು ತಿಳಿದರೆ ಹೆಸರಿಗೆ ಗೂಟ ಸಿಕ್ಕಿತು. ಅದು ನಿಮ್ಮ ಮನಸ್ಸಿನಲ್ಲಿರಲಿ, ಕೂಗಲಿಕ್ಕಲ್ಲ. ತಿದ್ದಿದ ಪುಸ್ತಕಗಳನ್ನು ಮಾನಿಟರನ ಕೈಗೆ ಕೊಡದೆ ನೀವೇ ಕರೆದು ಹಂಚಿ. ಸಂಜೆ ಬಸ್ಸಿಗೆ ಕಾಯುವಾಗ ಕಣ್ಣು ಮುಚ್ಚಿ ಬೆಂಚುಗಳನ್ನು ಎಣಿಸಿ. ಎಲ್ಲಿ ತಡವರಿಸಿದಿರೋ ಮರುದಿನ ಮೊದಲು ಆ ಮಗುವನ್ನೇ ಮಾತನಾಡಿಸಿ. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನೆಯುವುದು ಹೆಚ್ಚು ನಿಲ್ಲುತ್ತದೆ. ಮಕ್ಕಳಿಗೆ ನೀವು ಹೇಳುವ ಈ ಮಾತು ನಿಮಗೂ ಸಲ್ಲುತ್ತದೆ. ಮಾತು ಕಡಿಮೆಯ, ಜಾಣನೂ ಅಲ್ಲದ ತಂಟೆಕೋರನೂ ಅಲ್ಲದ ಮಗುವಿನ ಹೆಸರೇ ಕೊನೆಗೆ ಉಳಿಯುತ್ತದೆ. ಮೊದಲು ಅದನ್ನೇ ಕಲಿಯಿರಿ.

ಇನ್ನು ಪಾಲಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಇಪ್ಪತ್ತು ವರ್ಷದ ಮೇಲೆ ಗುರುಗಳು ಪೇಟೆಯಲ್ಲಿ ಸಿಕ್ಕಿದರೆ, 'ನಾನು ಯಾರು, ಗೊತ್ತಾಯಿತೇ ಸಾರ್?' ಎಂದು ಮುದುಕರನ್ನು ಪರೀಕ್ಷೆಗೆ ಕೂರಿಸಬೇಡಿ. ಮೀಸೆ ಬಂದಿದೆ, ಹೊಟ್ಟೆ ಬಂದಿದೆ, ಅವರಾದರೂ ಹೇಗೆ ಗುರುತಿಸಬೇಕು? ನಮಸ್ಕರಿಸಿ, ನಿಮ್ಮ ಹೆಸರನ್ನೂ ಹತ್ತನೆಯ ತರಗತಿ ಮುಗಿಸಿದ ವರ್ಷವನ್ನೂ ನೀವೇ ಮೊದಲು ಹೇಳಿರಿ.