ಅಂಗಿಯ ಮೇಲಿನ ಹೆಸರು



ಮಧ್ಯ ಅಮೆರಿಕದ ಪುಟ್ಟ ದೇಶ ಹೊಂಡುರಾಸ್. ಅದರ ಉತ್ತರ ಭಾಗದ ಚೊಲೋಮಾದಲ್ಲಿ ರಸೆಲ್ ಎಂಬ ಅಮೆರಿಕನ್ ಕಂಪನಿಯ ಸಿದ್ಧ ಉಡುಪಿನ ಕಾರ್ಖಾನೆಯೊಂದಿತ್ತು. ಸುಮಾರು 1,200 ಜನ ಅಲ್ಲಿ ದುಡಿಯುತ್ತಿದ್ದರು. ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರು, ಲಾಂಛನ ಹೊತ್ತ ದಪ್ಪ ಅಂಗಿಗಳು ಅವರ ಕೈಯಿಂದ ಹೊರಬರುತ್ತಿದ್ದವು. 2007ರಲ್ಲಿ ಕಂಪನಿಯು ಅಲ್ಲಿನ ತನ್ನ ಎರಡು ಕಾರ್ಖಾನೆಗಳಲ್ಲಿ ಸಂಘ ಕಟ್ಟಹೊರಟ 145 ಜನರನ್ನು ಹೊರಹಾಕಿ, ವಿಶ್ವವಿದ್ಯಾಲಯಗಳ ಒತ್ತಡಕ್ಕೆ ಮಣಿದು ಮರಳಿ ಸೇರಿಸಿಕೊಂಡಿತ್ತು. 2008ರ ಅಕ್ಟೋಬರಿನಲ್ಲಿ, ಕೂಲಿಯ ಮಾತುಕತೆ ಮುರಿದುಬಿದ್ದ ಕೆಲವೇ ದಿನಗಳಲ್ಲಿ, ಕಾರ್ಖಾನೆಯನ್ನೇ ಮುಚ್ಚುವುದಾಗಿ ಸಾರಿತು. 2009ರ ಜನವರಿಯಲ್ಲಿ ಬೀಗ ಬಿತ್ತು. ಕಂಪನಿ ಹೇಳಿದ ಕಾರಣ ಆರ್ಥಿಕ ಹಿಂಜರಿತ; ಕಾರ್ಮಿಕರು ಹೇಳಿದ್ದು ಸಂಘದ ಮೇಲಿನ ಹಗೆ.

ಇದರಲ್ಲಿ ಸಾವಿರಾರು ಮೈಲಿ ದೂರದ ವಿದ್ಯಾರ್ಥಿಗಳಿಗೆ ಏನು ಕೆಲಸ ಎಂದು ಕೇಳಬಹುದು. ವಿಶ್ವವಿದ್ಯಾಲಯದ ಹೆಸರು ಅದರ ಸ್ವತ್ತು. ಅದನ್ನು ಅಂಗಿಯ ಮೇಲೆ ಅಚ್ಚು ಹಾಕಲು ಕಂಪನಿ ಪರವಾನಗಿ ಪಡೆಯಬೇಕು, ಗೌರವಧನ ತೆರಬೇಕು. ಪರವಾನಗಿ ಕೊಡುವವರಿಗೆ ಷರತ್ತು ಹಾಕುವ ಹಕ್ಕೂ ಉಂಟು. ಈ ಎಳೆಯನ್ನು ಹಿಡಿದೇ 1998ರಲ್ಲಿ ಸ್ವೆಟ್‌ಶಾಪ್ ವಿರೋಧಿ ವಿದ್ಯಾರ್ಥಿಗಳ ಒಕ್ಕೂಟ ಹುಟ್ಟಿತು. ಮರುವರ್ಷ ಡ್ಯೂಕ್, ಜಾರ್ಜ್‌ಟೌನ್ ಮುಂತಾದೆಡೆ ವಿದ್ಯಾರ್ಥಿಗಳು ಆಡಳಿತ ಕಚೇರಿಗಳಲ್ಲಿ ಧರಣಿ ಕುಳಿತರು. ಅವರ ಮುಖ್ಯ ಬೇಡಿಕೆ ಕೇಳಲು ಅತಿ ಸಣ್ಣದು: ಕಾರ್ಖಾನೆಗಳ ವಿಳಾಸ. ವಿಳಾಸ ವ್ಯಾಪಾರದ ಗುಟ್ಟು ಎಂದು ಕಂಪನಿಗಳು ವಾದಿಸುತ್ತಿದ್ದವು. ಗುಟ್ಟು ಬಿಟ್ಟುಕೊಡುವುದು ಸಾಧ್ಯವೆಂದು ಅದೇ ವರ್ಷ ನೈಕಿ ತೋರಿಸಿಕೊಟ್ಟಿತು.

ಅನಂತರದ ಪ್ರಶ್ನೆ, ಆ ವಿಳಾಸಕ್ಕೆ ಹೋಗಿ ನೋಡುವವರು ಯಾರು ಎಂಬುದು. ಕಂಪನಿಗಳೂ ಸದಸ್ಯರಾಗಿದ್ದ ಒಂದು ತಪಾಸಣಾ ಸಂಸ್ಥೆ ಆಗಲೇ ಇತ್ತು. ಅದನ್ನು ನಂಬದ ವಿದ್ಯಾರ್ಥಿಗಳು, ಕಂಪನಿಗಳಿಗೆ ಆಡಳಿತದಲ್ಲಿ ಜಾಗವಿಲ್ಲದ ಕಾರ್ಮಿಕ ಹಕ್ಕುಗಳ ಒಕ್ಕೂಟವನ್ನು 2000ದಲ್ಲಿ ವಿಶ್ವವಿದ್ಯಾಲಯಗಳಿಂದ ಕಟ್ಟಿಸಿದರು. ಚೊಲೋಮಾದ ವಿಷಯದಲ್ಲಿ ಈ ಅಪನಂಬಿಕೆ ಸಾರ್ಥಕವಾಯಿತು. ಮೊದಲಿನ ಸಂಸ್ಥೆಯ ವರದಿ ಕಂಪನಿಯ ಮಾತನ್ನೇ ಎತ್ತಿಹಿಡಿಯಿತು; ಎರಡನೆಯದು ಕಾರ್ಮಿಕರ ಸಾಕ್ಷ್ಯ ಸಂಗ್ರಹಿಸಿ, ಮುಚ್ಚುಗಡೆಗೆ ಸಂಘದ್ವೇಷವೂ ಮುಖ್ಯ ಕಾರಣವೆಂದು ಹೇಳಿತು. ಅಣೆಕಟ್ಟು, ಗಣಿಗಳ ಪರಿಸರ ಪರಿಣಾಮ ವರದಿಯನ್ನು ಯೋಜನೆಯ ಒಡೆಯನೇ ಹಣ ಕೊಟ್ಟು ಬರೆಸುವುದನ್ನು ಕಂಡ ಮಲೆನಾಡಿಗರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಚೊಲೋಮಾದ ಕಾರ್ಮಿಕರು ಅಮೆರಿಕಕ್ಕೆ ಬಂದು ಕಾಲೇಜಿನಿಂದ ಕಾಲೇಜಿಗೆ ತಿರುಗಿದರು. ವಿದ್ಯಾರ್ಥಿಗಳು ಬ್ಯಾಸ್ಕೆಟ್‌ಬಾಲ್ ಅಂತಿಮ ಪಂದ್ಯಗಳ ಹೊರಗೆ ಕರಪತ್ರ ಹಂಚಿದರು. ಕಂಪನಿಯ ಮೇಲಿನ ಒಡೆಯ ವಾರನ್ ಬಫೆಟ್ಟರ ಮನೆಯ ಬಾಗಿಲನ್ನೂ ತಟ್ಟಿದರು. ನಡುವೆ ಜೂನ್ ತಿಂಗಳಲ್ಲಿ ಹೊಂಡುರಾಸಿನ ಸೇನೆ ಚುನಾಯಿತ ಅಧ್ಯಕ್ಷರನ್ನೇ ದೇಶದಿಂದಾಚೆಗೆ ಅಟ್ಟಿತು. ಅಂಥ ದಿನಗಳಲ್ಲೂ ಸಂಘ ಉಳಿಯಿತೆಂಬುದೇ ದೊಡ್ಡದು. ಹಾರ್ವರ್ಡ್, ಕೊಲಂಬಿಯಾ, ಮಿಷಿಗನ್ ಸೇರಿ ನೂರರ ಸಮೀಪದಷ್ಟು ವಿದ್ಯಾಸಂಸ್ಥೆಗಳು ಪರವಾನಗಿ ಹಿಂತೆಗೆದುಕೊಂಡವು.

ಇಲ್ಲಿ ಒಂದು ಸೂಕ್ಷ್ಮವುಂಟು. ಬಡದೇಶದ ಬಟ್ಟೆಯನ್ನೇ ಕೊಳ್ಳಬೇಡಿರೆಂದು ಆ ಕಾರ್ಮಿಕರು ಕೇಳಿರಲಿಲ್ಲ. ಹಾಗಾದರೆ ಮೊದಲು ಹಸಿಯುವುದು ಅವರದೇ ಹೊಟ್ಟೆ. ಅವರು ಕೇಳಿದ್ದು ಅದೇ ಕೆಲಸ, ಸಂಘದ ಸಮೇತ. ವಿದ್ಯಾರ್ಥಿಗಳು ತಮಗೆ ತೋಚಿದ್ದನ್ನು ಬಿಟ್ಟು ಅದನ್ನೇ ಕೇಳಿದರು. 2009ರ ನವೆಂಬರಿನಲ್ಲಿ ಕಂಪನಿ ಒಪ್ಪಿತು: ಹೊಸ ಕಾರ್ಖಾನೆ ತೆರೆದು 1,200 ಜನರಿಗೂ ಮತ್ತೆ ಕೆಲಸ, ಪರಿಹಾರಧನ, ಆ ದೇಶದ ತನ್ನ ಉಳಿದ ಕಾರ್ಖಾನೆಗಳಲ್ಲೂ ಸಂಘ ಕಟ್ಟುವುದಕ್ಕೆ ಅಡ್ಡಿಪಡಿಸದ ವಾಗ್ದಾನ. ಕಾರ್ಖಾನೆಗೆ ‘ನುಯೆವೊ ದಿಯಾ’, ಅಂದರೆ ‘ಹೊಸ ದಿನ’ ಎಂದು ಹೆಸರಾಯಿತು.

ಜಗತ್ತಿನ ಉಡುಪಿನ ವ್ಯಾಪಾರದಲ್ಲಿ ಕಾಲೇಜು ಅಂಗಿಗಳ ಪಾಲು ಅತ್ಯಲ್ಪ. ಉಳಿದ ಕಾರ್ಖಾನೆಗಳಲ್ಲಿ ಹಿಡಿಯಲು ಬೇರೆ ಎಳೆಯನ್ನೇ ಹುಡುಕಬೇಕು. 2020ರ ಜೂನಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಹೊಲಿಗೆ ಯಂತ್ರಗಳನ್ನು ಸಾಗಿಸತೊಡಗಿದಾಗ, ಅಲ್ಲಿಯೂ ಸುಮಾರು 1,200 ಕಾರ್ಮಿಕರು, ಬಹುಪಾಲು ಹೆಂಗಸರು, ಆವರಣದಲ್ಲೇ ಧರಣಿ ಕುಳಿತರು. ತಾವು ಹೊಲಿಯುವ ಚೀಟಿಯ ಮೇಲಿನ ಸ್ವೀಡನ್ನಿನ ಬ್ರ್ಯಾಂಡಿನ ಹೆಸರು ಅವರಿಗೆ ಗೊತ್ತಿತ್ತು. ಸಂಘವು ಆ ಬ್ರ್ಯಾಂಡನ್ನೇ ಪ್ರಶ್ನಿಸಿತು; ಹೊರದೇಶದ ಕಾರ್ಮಿಕ ಸಂಘಟನೆಗಳು ದನಿಗೂಡಿಸಿದವು. 2021ರ ಆರಂಭದಲ್ಲಿ ಮರುನೇಮಕದ ಒಪ್ಪಂದಕ್ಕೆ ಸಹಿ ಬಿತ್ತು.