ಎರಡು ಪುಟದ ಯೋಜನೆ ಏಕೆ?
(ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ಸಾಲಿನ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಒಂದು ಹೊಸ ಸಾಲು ಸೇರಿದೆ. ಪದವಿ ತರಗತಿಯ ಅರ್ಜಿದಾರರು ಸಮಾಜದಲ್ಲಿ ರೋಬೋಟ್ ಮತ್ತು ಕೃತಕ ಬುದ್ಧಿಮತ್ತೆಯ ಕುರಿತು ತಾವು ಮಾಡಬಯಸುವ ಒಂದು ಸಣ್ಣ ಅಧ್ಯಯನದ ಯೋಜನೆಯನ್ನು ಎರಡು ಪುಟಗಳಲ್ಲಿ ಬರೆದು ಲಗತ್ತಿಸಬೇಕು. ಇದನ್ನು ಓದಿದ ಕೆಲವು ಪೋಷಕರು ನಮ್ಮನ್ನು ಕೇಳಿದರು: “ಫೀಸು ಕಟ್ಟಲಾಗದ ಮನೆಯ ಮಗು ರೋಬೋಟಿನ ಬಗ್ಗೆ ಏನು ಬರೆಯಬೇಕು ಮಾಸ್ಟ್ರೇ? ನಮ್ಮಲ್ಲಿ ಕಂಪ್ಯೂಟರೇ ಇಲ್ಲ.” ಝಕಾತಿನ ಹಣಕ್ಕೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೆಲವು ದಾನಿಗಳೂ ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಯೋಜನೆ ಚೆನ್ನಾಗಿಲ್ಲವೆಂಬ ಕಾರಣಕ್ಕೆ ಯಾರ ವಿದ್ಯಾರ್ಥಿವೇತನವೂ ತಪ್ಪುವುದಿಲ್ಲ. ಝಕಾತಿನ ಮೇಲಿನ ಹಕ್ಕು ಬಡತನದಿಂದ ಬರುತ್ತದೆ, ಬರವಣಿಗೆಯಿಂದಲ್ಲ. ಆದರೆ ಆ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದರಿಂದ ಓದಿದ ಮಗು ಪದವಿ ಮುಗಿಸುವ ಹೊತ್ತಿಗೆ ಯಾವ ಲೋಕ ಎದುರಾಗುತ್ತದೆ ಎಂದು ಯೋಚಿಸುವುದೂ ಅಮಾನತಿನ ಭಾಗ ಎಂದು ನಾವು ನಂಬಿದ್ದೇವೆ.

ಈ ವಿಷಯ ನಮಗೆ ಪರಕೀಯವೂ ಅಲ್ಲ. ‘ಅಲ್ಗಾರಿದಮ್’ ಎಂಬ ಪದ 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿ ಅವರ ಹೆಸರಿನಿಂದ ಬಂದದ್ದು. 1206ರಲ್ಲಿ ಅಲ್ ಜಝರಿ ಬರೆದ ಯಂತ್ರಗಳ ಗ್ರಂಥದಲ್ಲಿ, ಕೈ ತೊಳೆಯುವವರಿಗೆ ಬೊಂಬೆಯೇ ಟವೆಲು ಮುಂದಿಡುವ ಯಂತ್ರದ ವಿವರಣೆಯಿದೆ. ಆದರೆ ಹಿರಿಯರ ಹೆಸರು ಹೇಳಿ ಹೆಮ್ಮೆಪಟ್ಟರೆ ಮಕ್ಕಳಿಗೆ ಕೆಲಸ ಸಿಗುವುದಿಲ್ಲ. ‘ರೋಬೋಟ್’ ಪದದ ಮೂಲವನ್ನೂ ಅವರು ತಿಳಿಯಬೇಕು. ಝೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಅದು ಬಳಕೆಗೆ ಬಂತು. ಅದರ ಹಿಂದಿರುವ ಝೆಕ್ ಪದಕ್ಕೆ ಬಿಟ್ಟಿ ಚಾಕರಿ ಎಂದರ್ಥ. ಅಂದರೆ ದುಡಿಯುವವರು ಯಾರು, ಲಾಭ ಯಾರಿಗೆ ಎಂಬ ಪ್ರಶ್ನೆ ಆ ಪದದೊಳಗೇ ಇದೆ.

ಇನ್ನು ಯೋಜನೆ ಹೇಗಿರಬೇಕು? ಮಕ್ಕಳೇ, ‘ಕೃತಕ ಬುದ್ಧಿಮತ್ತೆ ವರವೋ ಶಾಪವೋ’ ಎಂಬುದು ಚರ್ಚಾಸ್ಪರ್ಧೆಯ ವಿಷಯ. ಅಧ್ಯಯನಕ್ಕೆ ಪ್ರಶ್ನೆ ಸಣ್ಣದಾಗಬೇಕು, ನಿಮ್ಮ ಕಾಲು ನಡೆಯುವಷ್ಟು ದೂರದಲ್ಲಿರಬೇಕು. ಮೂರು ಉದಾಹರಣೆ ಕೊಡುತ್ತೇವೆ.

ಒಂದು: ನೆರೆಯ ಕೇರಳದಲ್ಲಿ 2018ರಲ್ಲಿ ಮ್ಯಾನ್‌ಹೋಲ್ ಶುಚಿಗೊಳಿಸುವ ‘ಬ್ಯಾಂಡಿಕೂಟ್’ ಎಂಬ ರೋಬೋಟ್ ಬಳಕೆಗೆ ಬಂತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾನೂನು ನಮ್ಮಲ್ಲಿದೆ. ನಿಮ್ಮ ಊರಿನಲ್ಲಿ ಈ ಕೆಲಸಕ್ಕೆ ಯಂತ್ರ ಬಂದಿದೆಯೇ? ಬಂದಿದ್ದರೆ ಮೊದಲು ಗುಂಡಿಗೆ ಇಳಿಯುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ?

ಎರಡು: ಬ್ಯಾರಿ ಅಥವಾ ಉರ್ದು ಮನೆಮಾತಿನ ಹಿರಿಯರು ಕನ್ನಡದಲ್ಲಿ ಮಾತನಾಡಿದರೆ ಮೊಬೈಲು ಎಷ್ಟು ಪದಗಳನ್ನು ತಪ್ಪಾಗಿ ಬರೆಯುತ್ತದೆ? ಇಪ್ಪತ್ತು ವಾಕ್ಯ ಬರೆದುಕೊಳ್ಳಿ, ಹತ್ತು ಜನರಿಂದ ಹೇಳಿಸಿ, ತಪ್ಪುಗಳನ್ನು ಎಣಿಸಿ. ಇದಕ್ಕೆ ಕಂಪ್ಯೂಟರ್ ಬೇಡ. ಅಜ್ಜಿ ಮತ್ತು ಒಂದು ಫೋನ್ ಸಾಕು.

ಮೂರು: ಊಟ, ಸಾಮಾನು ತಲುಪಿಸುವ ಯುವಕರಿಗೆ ಯಾವ ಆರ್ಡರ್ ಸಿಗಬೇಕೆಂದು ಆ್ಯಪ್ ತೀರ್ಮಾನಿಸುತ್ತದೆ. ಇಂಥ ಕೆಲಸಗಾರರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಅದು ಅವರಿಗೆ ಗೊತ್ತೇ ಎಂದು ಕೇಳಿ ನೋಡಿ.

ಸಣ್ಣ ಪ್ರಶ್ನೆಯಿಂದ ದೊಡ್ಡ ಸತ್ಯ ಹೊರಬರುತ್ತದೆ. ಅಮೆರಿಕದಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ತಂತ್ರಾಂಶಗಳು ಎಲ್ಲರ ವಿಷಯದಲ್ಲೂ ಒಂದೇ ರೀತಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಬಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ನ್ನು ಮೀರಲಿಲ್ಲ, ಕಪ್ಪುಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೂ ಹೋಯಿತು. ಯಂತ್ರ ಕಲಿತ ಚಿತ್ರಗಳಲ್ಲಿ ಯಾರು ಕಡಿಮೆ ಇರುತ್ತಾರೋ ಅವರ ಪಾಲಿಗೆ ಅದು ಹೆಚ್ಚು ತಪ್ಪುತ್ತದೆ. ಕಡಿಮೆ ಇರುವವರು ಎಂದರೆ ಯಾರೆಂದು ಈ ಸಭೆಗೆ ವಿವರಿಸಬೇಕಿಲ್ಲ. ಅದಕ್ಕಾಗಿಯೇ ಪ್ರಶ್ನೆ ಕೇಳುವವರಲ್ಲಿ ನಮ್ಮ ಮಕ್ಕಳೂ ಇರಬೇಕು.

ನಿಮ್ಮ ಎರಡು ಪುಟಗಳಲ್ಲಿ ಐದು ವಿಷಯಗಳಿರಲಿ: ಪ್ರಶ್ನೆ ಏನು, ಅದು ಯಾರಿಗೆ ಮುಖ್ಯ, ಯಾರನ್ನು ಕೇಳುತ್ತೀರಿ, ಏನನ್ನು ಎಣಿಸುತ್ತೀರಿ, ಎಷ್ಟು ದಿನ ಬೇಕು. ಜನರ ಒಪ್ಪಿಗೆ ಪಡೆದೇ ಮಾತನಾಡಿಸಿ. ಕೂಲಿಯವರ ಮಾತು ಧಣಿಯ ಕಿವಿಗೆ ಬಿದ್ದರೆ ಕೆಲಸ ಹೋಗಬಹುದು. ಆದ್ದರಿಂದ ಹೆಸರು ಬರೆಯಬೇಡಿ. ಉತ್ತರ ಮೊದಲೇ ಗೊತ್ತಿದ್ದರೆ ಪ್ರಶ್ನೆ ಬದಲಾಯಿಸಿ.

ಯೋಜನೆ ಕೈಬರಹದಲ್ಲೇ ಇರಲಿ. ಉತ್ತರ ಬರೆದುಕೊಡುವ ಯಂತ್ರಗಳು ಮೊಬೈಲಿನಲ್ಲಿಯೇ ಸಿಗುತ್ತವೆ ಎಂಬುದು ನಮಗೂ ಗೊತ್ತು. ಸಂದೇಹ ಕೇಳಲು ಬಳಸಿದರೆ ತಪ್ಪಿಲ್ಲ. ಬಳಸಿದ್ದನ್ನು ಪ್ರಾಮಾಣಿಕವಾಗಿ ಬರೆಯಿರಿ. ಆದರೆ ಅವು ಇಲ್ಲದ ಪುಸ್ತಕದ ಹೆಸರನ್ನೂ ಇದೆಯೆಂಬಂತೆ ಹೇಳಬಲ್ಲವು. ಪರಿಶೀಲಿಸದೆ ನಕಲು ಮಾಡಿದರೆ ಸುಳ್ಳಿಗೆ ಸಹಿ ಹಾಕಿದಂತೆ.

ಪೋಷಕರೇ, ಮಗಳು ನೋಟ್‌ಬುಕ್ ಹಿಡಿದು ನಾಲ್ಕು ಮನೆ, ಎರಡು ಅಂಗಡಿಗೆ ಹೋಗಿ ಮಾತನಾಡಿಸಬೇಕಾಗಬಹುದು. ತಡೆಯಬೇಡಿ, ಬೇಕಾದರೆ ಜೊತೆಗೆ ಹೋಗಿ. ದಾನಿಗಳೇ, ನಿಮ್ಮಲ್ಲಿ ಅನೇಕರಿಗೆ ಅಂಗಡಿ, ಕಾರ್ಖಾನೆಗಳಿವೆ. ಈ ಮಕ್ಕಳು ಬಂದು ‘ಹೊಸ ಯಂತ್ರ ತಂದ ಮೇಲೆ ಎಷ್ಟು ಜನ ಉಳಿದರು?’ ಎಂದು ಕೇಳಿದರೆ ಬೇಸರಿಸದೆ ನಿಜ ಹೇಳಿ. ಚೆಕ್ಕಿನಷ್ಟೇ ಅದೂ ಸಹಾಯ.

ಉಪಕಾರವಾಗುವ ಜ್ಞಾನವನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ, ದಾನಿಗಳ ಸಂಪತ್ತಿನಲ್ಲಿ ಬರಕತ್ ನೀಡಲಿ. ಆಮೀನ್. ವಸ್ಸಲಾಮ್.