ಹುಟ್ಟಿದ ಊರು, ನೆಲಸುವ ನಾಡು



ವಿದ್ಯೆಯನ್ನೋ ಕಸುಬನ್ನೋ ಕೈವಶ ಮಾಡಿಕೊಂಡ ಮನುಷ್ಯನು ಪರದೇಶದಲ್ಲಿ ಖಾಯಂ ಆಗಿ ನೆಲಸಲು ಹೊರಟಾಗ ಆ ದೇಶದ ಬಾಗಿಲಲ್ಲಿ ಆತನನ್ನು ಏನೆಂದು ಕೇಳುತ್ತಾರೆ ಎಂಬುದನ್ನು ಇಂದಿನ ಉಪನ್ಯಾಸಕ್ಕೆ ವಿಷಯವಾಗಿ ಆರಿಸಿಕೊಂಡಿದ್ದೇನೆ. ಇದು ಕಚೇರಿಯ ವಿಷಯ, ಸಾಹಿತ್ಯದ ವೇದಿಕೆಗೆ ಒಗ್ಗೀತೇ ಎಂದು ಮಿತ್ರರೊಬ್ಬರು ಶಂಕಿಸಿದರು. ಮಗನೋ ಮಗಳೋ ಹೊರದೇಶದಲ್ಲಿಲ್ಲದ ಬೀದಿಯೇ ನಮ್ಮ ಊರುಗಳಲ್ಲಿ ಅಪರೂಪವಾಗಿರುವ ಈ ಕಾಲದಲ್ಲಿ, ಆ ಮಕ್ಕಳ ಬಾಳಿನ ಹದಿನೈದು ಇಪ್ಪತ್ತು ವರ್ಷಗಳನ್ನು ಆಳುತ್ತಿರುವ ಕಾಯಿದೆಯನ್ನು ನಾವು ಅರಿಯದೆ ಉಳಿಯುವುದು ಸಲ್ಲದೆಂದು ನನಗೆ ತೋರಿತು.

ಸಂಗತಿ ಪ್ರಾಚೀನವಾದುದು. ಐದನೆಯ ಶತಮಾನದಲ್ಲಿ ಲಾಟದೇಶದ, ಎಂದರೆ ಇಂದಿನ ದಕ್ಷಿಣ ಗುಜರಾತಿನ, ರೇಷ್ಮೆ ನೇಯುವವರ ಶ್ರೇಣಿಯೊಂದು ಅರಸರ ಗುಣಗಳಿಗೆ ಮಾರುಹೋಗಿ ಮಕ್ಕಳು ಬಂಧುಗಳೊಡನೆ ಮಾಳವದ ದಶಪುರಕ್ಕೆ ಬಂದು ನೆಲಸಿತು. ಅವರ ವೃತ್ತಾಂತವನ್ನು ವತ್ಸಭಟ್ಟಿಯೆಂಬ ಕವಿ ರಚಿಸಿದ ಮಂದಸೋರಿನ ಶಿಲಾಶಾಸನ ಇಂದಿಗೂ ಹೇಳುತ್ತಿದೆ. ಅವರಲ್ಲಿ ಕೆಲವರು ನೇಯ್ಗೆಯನ್ನೇ ಹಿಡಿದರು, ಕೆಲವರು ಬಿಲ್ವಿದ್ಯೆಯನ್ನು ಕಲಿತರು, ಕೆಲವರು ಜ್ಯೋತಿಷ್ಯಕ್ಕೂ ಕಥೆ ಹೇಳುವುದಕ್ಕೂ ತಿರುಗಿಕೊಂಡರು. ಕ್ರಿ.ಶ. 436ರ ಸುಮಾರಿನಲ್ಲಿ ತಮ್ಮ ಕಸುಬಿನ ಗಳಿಕೆಯಿಂದಲೇ ಅಲ್ಲಿ ಸೂರ್ಯನಿಗೆ ಗುಡಿಯನ್ನು ಕಟ್ಟಿಸಿ, 36 ವರ್ಷಗಳ ತರುವಾಯ ಅದು ಶಿಥಿಲವಾದಾಗ ತಾವೇ ಜೀರ್ಣೋದ್ಧಾರ ಮಾಡಿಸಿದರು. ಬಿಟ್ಟು ಹೋಗಬೇಕಾದೀತೆಂಬ ಭಯವುಳ್ಳವನು ಗುಡಿಗೆ ತಳಪಾಯ ತೋಡುವುದಿಲ್ಲ. ನಮ್ಮ ಕನ್ನಡ ನಾಡಿನ ಅರಸರೂ ದೂರದಿಂದ ಬಂದ ವಿದ್ವಾಂಸರಿಗೆ ಅಗ್ರಹಾರವನ್ನು ಬಿಟ್ಟುಕೊಡುವಾಗ ‘ಆಚಂದ್ರಾರ್ಕ’ವೆಂಬ ಮಾತನ್ನು ಶಾಸನದಲ್ಲಿ ಸೇರಿಸಿಯೇ ಕೊಟ್ಟರು. ಚಂದ್ರಸೂರ್ಯರಿರುವವರೆಗೆ ಎಂಬ ಆ ಮಾತು ಬರಿಯ ಅಲಂಕಾರವಲ್ಲ. ಬಂದವನ ವಿದ್ಯೆಯನ್ನು ಪಡೆಯುವವರು ಅವನಿಗೆ ಕೊಡಬೇಕಾದ ಬೆಲೆಯನ್ನು ಅದು ಹೇಳುತ್ತದೆ.

ಈ ಕಾಲಕ್ಕೆ ಬಂದರೆ, ಇದೇ ಪ್ರಶ್ನೆಗೆ ಎರಡು ನೆರೆಯ ದೇಶಗಳು ಎರಡು ಬಗೆಯ ಉತ್ತರಗಳನ್ನು ಕೊಟ್ಟಿವೆ. ಕೆನಡಾದಿಂದ ಮೊದಲು ಮಾಡುತ್ತೇನೆ. 1908ರಲ್ಲಿ ಆ ದೇಶವು ಮಾಡಿದ ನಿಯಮದಂತೆ, ವಲಸೆ ಬರುವವನು ತಾನು ಹುಟ್ಟಿದ ಅಥವಾ ಪ್ರಜೆಯಾಗಿರುವ ದೇಶದಿಂದ ಎಲ್ಲಿಯೂ ತಡೆಯಿಲ್ಲದ ಒಂದೇ ಪ್ರಯಾಣದಲ್ಲಿ ಬಂದಿಳಿಯಬೇಕಾಗಿತ್ತು. ಭಾರತದಿಂದ ಹಾಗೆ ನೇರವಾಗಿ ಹೋಗುವ ಹಡಗಿನ ಸೌಕರ್ಯವೇ ಇರಲಿಲ್ಲವಾದುದರಿಂದ, ಭಾರತೀಯರೆಂಬ ಹೆಸರನ್ನೆತ್ತದೆಯೇ ನಿಯಮವು ಭಾರತೀಯರನ್ನು ಹೊರಗಿಟ್ಟಿತು. 1914ರ ಮೇ 23ರಂದು ಕೊಮಗಾಟ ಮಾರು ಎಂಬ ಹಡಗು 376 ಮಂದಿ ಪ್ರಯಾಣಿಕರೊಡನೆ ವ್ಯಾಂಕೂವರಿನ ಕೊಲ್ಲಿಯಲ್ಲಿ ಲಂಗರು ಹಾಕಿತು. ಊರಿನ ದೀಪಗಳು ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿ, ಅನ್ನನೀರಿನ ಅಭಾವದಲ್ಲಿ ಅವರು ಎರಡು ತಿಂಗಳು ನಿಂತಿದ್ದರು. ಮೊದಲೇ ಅಲ್ಲಿ ವಾಸವಾಗಿದ್ದ ಇಪ್ಪತ್ತು ಚಿಲ್ಲರೆ ಮಂದಿಯನ್ನು ಇಳಿಸಿಕೊಂಡು, ಉಳಿದವರೊಡನೆ ಹಡಗನ್ನು ಜುಲೈ 23ರಂದು ಹಿಂದಿರುಗಿಸಿದರು. ಕಲ್ಕತ್ತೆಯ ಬಳಿ ಬಜ್‌ಬಜ್‌ನಲ್ಲಿ ಇಳಿದ ಆ ದಣಿದ ಜನರ ಮೇಲೆ ಗುಂಡು ಹಾರಿತು. 2016ರ ಮೇ 18ರಂದು ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ನಿಂತು ಇದಕ್ಕಾಗಿ ಕ್ಷಮೆ ಬೇಡುವಷ್ಟರಲ್ಲಿ ಒಂದು ಶತಮಾನವೇ ಕಳೆದಿತ್ತು.

ಅದೇ ದೇಶವು 1962ರಲ್ಲಿ ವರ್ಣಭೇದದ ನಿಯಮಗಳನ್ನು ಬಹುಮಟ್ಟಿಗೆ ಕಳೆದುಹಾಕಿ, 1967ರಲ್ಲಿ ತಕ್ಕಡಿಯೊಂದನ್ನು ಬಾಗಿಲಲ್ಲಿ ತೂಗುಹಾಕಿತು. ಆ ಅಂಕಪದ್ಧತಿಯಲ್ಲಿ ಒಟ್ಟು 100 ಅಂಕಗಳಿದ್ದು, 50 ಪಡೆದವನಿಗೆ ಪ್ರವೇಶ. ವಿದ್ಯೆಗೆ 20, ಅವನ ಕಸುಬಿಗೆ ಅಲ್ಲಿರುವ ಬೇಡಿಕೆಗೆ 15, ನೈಪುಣ್ಯಕ್ಕೆ 10, ವಯಸ್ಸಿಗೆ 10, ಇಂಗ್ಲಿಷ್ ಅಥವಾ ಫ್ರೆಂಚ್ ಬಲ್ಲುದಕ್ಕೆ 10, ಹೀಗೆ. ಸಂದರ್ಶಿಸಿದ ಅಧಿಕಾರಿಯು ತನ್ನ ವಿವೇಚನೆಯಿಂದ ಕೊಡುವ 15 ಅಂಕಗಳೂ ಅದರಲ್ಲಿದ್ದುವಾದುದರಿಂದ ಪಕ್ಷಪಾತಕ್ಕೆ ಎಡೆಯೇ ಇರಲಿಲ್ಲವೆಂದು ಹೇಳಲಾರೆ. ಆದರೂ ‘ನೀನು ಎಲ್ಲಿ ಹುಟ್ಟಿದೆ’ ಎಂಬ ಪ್ರಶ್ನೆ ಹಿಂದೆ ಸರಿದು, ‘ನೀನು ಏನು ಬಲ್ಲೆ’ ಎಂಬ ಪ್ರಶ್ನೆ ಆ ಜಾಗದಲ್ಲಿ ಬಂದು ಕುಳಿತಿತು. ವಲಸೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

ಆ ತಕ್ಕಡಿಯ ಇಂದಿನ ರೂಪವೇ 2015ರ ಜನವರಿ 1ರಿಂದ ನಡೆದುಬಂದಿರುವ ಎಕ್ಸ್‌ಪ್ರೆಸ್ ಎಂಟ್ರಿ. ಬೆಂಗಳೂರಿನಲ್ಲಿ ಕುಳಿತ ತರುಣನು ಭಾಷಾಪರೀಕ್ಷೆಯನ್ನು ಬರೆದು, ವಿಶ್ವವಿದ್ಯಾನಿಲಯದಿಂದ ಟ್ರಾನ್ಸ್‌ಕ್ರಿಪ್ಟನ್ನು ಮೌಲ್ಯಮಾಪನದ ಸಂಸ್ಥೆಗೆ ಕಳುಹಿಸಿ, ತನ್ನ ವಿವರಗಳನ್ನು ಸಲ್ಲಿಸಿದರೆ, 1200ಕ್ಕೆ ಇಷ್ಟು ಎಂದು ಅವನ ತೂಕ ನಿರ್ಣಯವಾಗುತ್ತದೆ. ಕಾಲಕಾಲಕ್ಕೆ ಡ್ರಾ ನಡೆದು, ಗೊತ್ತಾದ ಅಂಕಕ್ಕಿಂತ ಮೇಲಿರುವವರಿಗೆ ಆಹ್ವಾನ ಬರುತ್ತದೆ. ಬಂದ 60 ದಿನಗಳೊಳಗೆ ಪೂರ್ಣ ಅರ್ಜಿ ಹೋಗಬೇಕು. ಪ್ರಾಂತವೊಂದು ಹೆಸರು ಸೂಚಿಸಿದರೆ ಒಮ್ಮೆಗೇ 600 ಅಂಕಗಳು ಕೂಡಿ, ಆಹ್ವಾನವು ಬಹುಮಟ್ಟಿಗೆ ಕೈಗೆ ಬಂದಂತೆಯೇ. ಈ ತಕ್ಕಡಿಯ ಎಲ್ಲ ಬಟ್ಟುಗಳೂ ನನಗೆ ಒಪ್ಪಿಗೆಯಾದುವೆಂದಲ್ಲ. 20ರಿಂದ 29ರವರೆಗಿನ ವಯಸ್ಸಿಗೆ ಪೂರ್ಣಾಂಕ, ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಇಳಿತ, 45ಕ್ಕೆ ಸೊನ್ನೆ. ಅನುಭವವು ಪಕ್ವವಾಗುವ ಹೊತ್ತಿಗೇ ಮನುಷ್ಯನು ಹಗುರವಾಗುತ್ತಾನೆಂಬ ಈ ಲೆಕ್ಕವನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ನಿಯಮಗಳು ನಡುವೆ ಬದಲಾಗುವುದೂ ಉಂಟು: ಉದ್ಯೋಗದ ಕರೆಯೋಲೆ ಇದ್ದವರಿಗೆ ದೊರೆಯುತ್ತಿದ್ದ ಅಂಕಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಿದಾಗ, ಆ ಅಂಕಗಳನ್ನೇ ನೆಚ್ಚಿಕೊಂಡಿದ್ದವರು ಹಿಂದೆ ಬಿದ್ದರು. ಅಲ್ಲಿ ಕಾಲಿಟ್ಟ ಮೇಲೆ ವೈದ್ಯನಿಗೆ ವೈದ್ಯವೃತ್ತಿಯ ಪರವಾನಗಿ ಬೇರೆಯೇ ಆಗಬೇಕು. ಬಾಗಿಲಲ್ಲಿ ಅಂಕ ತಂದುಕೊಟ್ಟ ಪದವಿಯು ಆಸ್ಪತ್ರೆಯ ಮೆಟ್ಟಿಲಲ್ಲಿ ನಡೆಯದೆ, ವರ್ಷಗಟ್ಟಲೆ ಬೇರೆ ಕೆಲಸದಲ್ಲಿ ದಿನ ದೂಡಿದವರಿದ್ದಾರೆ. ದಶಪುರದ ನೇಕಾರರು ಬಿಲ್ಲು ಹಿಡಿದದ್ದು ಇಚ್ಛೆಯಿಂದ, ಇವರದು ಹಾಗಲ್ಲ.

ಇಷ್ಟಾದರೂ ಈ ದಾರಿಯ ಒಂದು ಗುಣವನ್ನು ಮನಸಾರೆ ಮೆಚ್ಚುತ್ತೇನೆ. ಹೀಗೆ ಆಯ್ಕೆಯಾದವನು ವಿಮಾನದಿಂದ ಇಳಿದ ದಿನವೇ ನೆಲೆಯುಳ್ಳವನಾಗುತ್ತಾನೆ. ಯಾವ ಧಣಿಯ ಹಂಗೂ ಇಲ್ಲದೆ ಯಾವ ಊರಿನಲ್ಲಾದರೂ ಕೆಲಸ ಮಾಡಬಹುದು, ಬಿಡಬಹುದು, ಓದಬಹುದು. ಮತದಾನದ ಹಕ್ಕೊಂದಿಲ್ಲ. ಐದು ವರ್ಷಗಳಲ್ಲಿ 730 ದಿನಗಳಾದರೂ ಅಲ್ಲಿ ವಾಸವಾಗಿರಬೇಕು. 1095 ದಿನ ತುಂಬಿದವನು ಪೌರತ್ವವನ್ನೂ ಕೇಳಬಹುದು. ಲೆಕ್ಕ ಕಣ್ಣೆದುರಿಗಿದೆ, ಬೆರಳು ಮಡಿಸಿ ಎಣಿಸಬಹುದು.

ಇನ್ನು ಅಮೆರಿಕದ ಮಾತು. 1946ರವರೆಗೆ ಭಾರತೀಯರಿಗೆ ಅಲ್ಲಿ ನೆಲಸುವ ಮಾರ್ಗ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆ ವರ್ಷದ ಕಾಯಿದೆಯು ತೆರೆದದ್ದು ವರ್ಷಕ್ಕೆ ನೂರು ಜನರಿಗೆ. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಅಧ್ಯಕ್ಷ ಜಾನ್ಸನ್ ರುಜು ಹಾಕಿದ ಕಾಯಿದೆಯಿಂದ ಮೂಲದೇಶದ ಹಳೆಯ ಪಾಲುಪದ್ಧತಿ ಹೋಯಿತು. ಅದು ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ದೇಶಕ್ಕೂ ಅತಿಯಾದ ಪಾಲು ಹೋಗದಿರಲೆಂಬ ಸಮಾನತೆಯ ಉದ್ದೇಶದಿಂದಲೇ ದೇಶಕ್ಕಿಷ್ಟೆಂಬ ಮಿತಿಯೊಂದು ಉಳಿಯಿತು; 1990ರ ಕಾಯಿದೆಯ ಮೇಲೆ ಅದು ನೂರಕ್ಕೆ 7 ಆಗಿ ನಿಂತಿದೆ. ಉದ್ಯೋಗದ ಮೂಲಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು, ಎಂದರೆ ಖಾಯಂ ವಾಸದ ಪರವಾನಗಿಗಳು, ಸುಮಾರು 1,40,000. ಇದರಲ್ಲಿ ಗಂಡ, ಹೆಂಡತಿ, ಮಕ್ಕಳೂ ಎಣಿಕೆಗೆ ಸೇರುತ್ತಾರೆ. ಐಸ್‌ಲೆಂಡಿಗೂ ಭಾರತಕ್ಕೂ ಮಿತಿ ಒಂದೇ.

ಅಲ್ಲಿನ ಕ್ರಮವು ಕೆನಡಾದ್ದಕ್ಕೆ ವಿಪರ್ಯಸ್ತವಾದುದು. ಸಾಮಾನ್ಯವಾಗಿ ಮೊದಲು ಎಚ್-1ಬಿ ವೀಸಾದ ಮೇಲೆ ತಾತ್ಕಾಲಿಕನಾಗಿ ಹೋಗಬೇಕು: ಮೂರು ವರ್ಷ, ಮತ್ತೆ ಮೂರು. ಆಮೇಲೆ ಕೆಲಸ ಕೊಟ್ಟ ಕಂಪನಿಯು ಜಾಹೀರಾತು ಹೊರಡಿಸಿ, ಆ ಹುದ್ದೆಗೆ ಅರ್ಹನಾದ ಅಮೆರಿಕನ್ ದೊರೆಯಲಿಲ್ಲವೆಂದು ತೋರಿಸಿ ಅರ್ಜಿ ಸಲ್ಲಿಸಬೇಕು. ಆ ಅರ್ಜಿಯ ದಿನವೇ ಅವನ ‘ಪ್ರಯಾರಿಟಿ ಡೇಟ್’. ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಯಾವ ದಿನಾಂಕದವರೆಗಿನವರಿಗೆ ಸರದಿ ಬಂದಿದೆಯೆಂದು ಹೇಳುವ ವೀಸಾ ಬುಲೆಟಿನ್ ತಿಂಗಳಿಗೊಮ್ಮೆ ಹೊರಡುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳನ್ನು ನೋಡಲು ಹಿಂದೆ ಪಂಚಾಂಗವನ್ನು ಬಿಡಿಸುತ್ತಿದ್ದಂತೆ ಅಲ್ಲಿನ ನಮ್ಮ ಮಕ್ಕಳು ಅದನ್ನು ಬಿಡಿಸುತ್ತಾರೆ. ‘ಡೇಟ್ ಕರೆಂಟ್ ಆಯ್ತಾ?’ ಎಂಬುದು ಅವರು ಭೇಟಿಯಾದಾಗ ಕೇಳುವ ಕುಶಲಪ್ರಶ್ನೆ. ಎಷ್ಟೋ ದೇಶಗಳಲ್ಲಿ ಹುಟ್ಟಿದವರಿಗೆ ಕೆಲವೇ ವರ್ಷಗಳಲ್ಲಿ ಮುಗಿಯುವ ಈ ಕಾಯುವಿಕೆ ಭಾರತದಲ್ಲಿ ಹುಟ್ಟಿದವರಿಗೆ ಹತ್ತು ವರ್ಷಗಳನ್ನು ಮೀರಿದೆ. ದಿನಾಂಕವು ಮುಂದೆ ಹೋಗದೆ ಹಿಂದಕ್ಕೆ ಸರಿಯುವ ತಿಂಗಳುಗಳೂ ಇವೆ. ಎಣಿಕೆಯು ಜನ್ಮಸ್ಥಳದ್ದಾದುದರಿಂದ ಪೌರತ್ವವನ್ನು ಬದಲಿಸಿದರೂ ಸಾಲು ಬದಲಾಗದು. ಹುಬ್ಬಳ್ಳಿಯಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದವನು ಭಾರತದ ಸಾಲಿನಲ್ಲಿಯೇ ನಿಲ್ಲಬೇಕು. ತಂದೆತಾಯಿ ಕೆಲಕಾಲ ಕಾಠ್ಮಂಡುವಿನಲ್ಲಿದ್ದಾಗ ಹುಟ್ಟಿದ ಅವನ ಸಹೋದ್ಯೋಗಿ, ಭಾರತದ ಪ್ರಜೆಯೇ ಆದರೂ, ನೇಪಾಳದ ಸಾಲಿಗೆ ಸೇರುತ್ತಾನೆ. ನಡುವೆ ಕೆಲಸ ಹೋದರೆ ಹೊಸ ಕೆಲಸ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಎರಡು ವರ್ಷದ ಕೂಸಾಗಿ ಅಲ್ಲಿಗೆ ಹೋದ ಮಗುವಿಗೆ, ಸರದಿ ಬರುವ ಮುನ್ನ 21 ತುಂಬಿದರೆ, ಕೆಲವು ಕಳೆಯುವ ಲೆಕ್ಕಗಳನ್ನು ಬಿಟ್ಟು, ತಂದೆತಾಯಿಯ ಅರ್ಜಿಯಲ್ಲಿ ಸ್ಥಾನವೇ ಇಲ್ಲ.

ಮಿತಿಯನ್ನು ತೆಗೆದುಹಾಕಿದರೆ ಎರಡು ಮೂರು ದೇಶಗಳವರೇ ಎಲ್ಲ ಕಾರ್ಡುಗಳನ್ನೂ ಹಲವು ವರ್ಷ ತೆಗೆದುಕೊಂಡಾರೆಂಬ ಪ್ರತಿವಾದವಿದೆ. ಅದು ಹುರುಳಿಲ್ಲದ ವಾದವಲ್ಲ. ಇರಾನಿನಲ್ಲೋ ಬ್ರೆಜಿಲಿನಲ್ಲೋ ಹುಟ್ಟಿದ ದಾದಿಯೂ ಮನುಷ್ಯಳೇ. ಆದರೆ ಎಲ್ಲರಿಗೂ ಬಂದ ಕ್ರಮದಲ್ಲಿ ಸರದಿಯೆಂದಾಗ ಕಷ್ಟವು ಎಲ್ಲರಿಗೂ ಹಂಚಿಹೋಗುತ್ತದೆ. ಈಗ ಒಂದು ನೆಲದಲ್ಲಿ ಹುಟ್ಟಿದವರೇ ಅದನ್ನೆಲ್ಲ ಹೊತ್ತಿದ್ದಾರೆ. ಒಂದೇ ಕೊಠಡಿಯಲ್ಲಿ ಒಂದೇ ಕೆಲಸಕ್ಕೆ ಸೇರಿದ ಇಬ್ಬರಲ್ಲಿ ಒಬ್ಬನಿಗೆ ಮನೆ ಕೊಳ್ಳುವ ಧೈರ್ಯವನ್ನೂ ಇನ್ನೊಬ್ಬನಿಗೆ ಪೆಟ್ಟಿಗೆ ಕಟ್ಟಿಟ್ಟುಕೊಂಡ ಬಾಳನ್ನೂ ಹಂಚುವ ನಿಯಮವು ಧರ್ಮವಾಗಲಾರದು. ಈ ಮಿತಿಯನ್ನು ಕಳೆಯುವ ಮಸೂದೆಗೆ 2019ರ ಜುಲೈಯಲ್ಲಿ ಅಲ್ಲಿನ ಕೆಳಮನೆಯು 365 ಮತಗಳಿಂದ ಒಪ್ಪಿಗೆ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಮೇಲ್ಮನೆಯೂ ಬೇರೊಂದು ರೂಪದಲ್ಲಿ ಒಪ್ಪಿತು. ಎರಡು ರೂಪಗಳೂ ಒಂದಾಗುವ ಮುನ್ನ ಆ ಸಭೆಯ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು.

ನನ್ನ ತಂಗಿಯ ಮಗಳು ಆ ಸಾಲಿನಲ್ಲಿದ್ದಾಳೆ. ಕೆಲವು ವರ್ಷಗಳ ಕೆಳಗೆ ಒಂದು ಬೆಳಗ್ಗೆ ಫೋನು ಮಾಡಿ, ‘ಮಾವ, ನಾನು ಹುಟ್ಟಿದ್ದು ನಿಮ್ಮ ಮನೇಲೇ ಅಲ್ವಾ? ಅದನ್ನ ನೀವು ಬರೆದು ಕೊಡಬೇಕಂತೆ’ ಎಂದಳು. ಮಲೆನಾಡಿನ ನಮ್ಮ ಮನೆಯಲ್ಲಿ 1982ರ ಆಷಾಢದ ಮಳೆಯಲ್ಲಿ ಹುಟ್ಟಿದ ಮಗುವನ್ನು ಯಾರೂ ಯಾವ ದಫ್ತರದಲ್ಲಿಯೂ ಬರೆಸಿರಲಿಲ್ಲ. ಜನನದ ದಾಖಲೆ ಲಭ್ಯವಿಲ್ಲವೆಂಬ ಒಂದು ಪತ್ರ, ಹುಟ್ಟನ್ನು ಕಂಡ ಇಬ್ಬರು ಹಿರಿಯರ ಪ್ರಮಾಣ, ಇಷ್ಟು ಬೇಕು. ಸರದಿ ಬಂದಾಗ ತಡವಾಗದಿರಲೆಂದು ವಕೀಲರು ಮೊದಲೇ ತರಿಸಿಟ್ಟುಕೊಳ್ಳಲು ಹೇಳಿದ್ದರು. ಆ ರಾತ್ರಿ ಲಾಟೀನು ಹಿಡಿದು, ನೀರು ಏರಿದ ಹಳ್ಳದ ಸಂಕವನ್ನು ದಾಟಿ ಸೂಲಗಿತ್ತಿಯನ್ನು ಕರೆತಂದವನು ನಾನು. ಒಳಕೋಣೆಯಲ್ಲಿ ತಂಗಿಯ ಕೈ ಹಿಡಿದು ಕುಳಿತಿದ್ದವರು ನನ್ನ ಅತ್ತಿಗೆ. ನೋಟರಿಯ ಮೇಜಿನೆದುರು ಛಾಪಾ ಕಾಗದದ ಮೇಲೆ ನಾವಿಬ್ಬರೂ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ಕೊನೆಗೆ ಭಾರತ ಎಂದು ಬರೆದಿದ್ದುದನ್ನು ಓದಿಸಿ ಕೇಳಿ ರುಜು ಹಾಕಿದೆವು. ಅತ್ತಿಗೆ ಕನ್ನಡದಲ್ಲಿ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ, ‘ಮ’ಕಾರದ ಬಾಲವನ್ನು ಎರಡು ಸಲ ತಿದ್ದಿ ಬರೆದು, ‘ಇನ್ನು ಮಗುವಿಗೆ ಬೇಗ ಆಗುತ್ತೆ ತಾನೆ?’ ಎಂದು ಆ ನೋಟರಿಯನ್ನೇ ಕೇಳಿದರು. ಮಗುವಿಗೆ ಆಗ ಮೂವತ್ತೈದು ದಾಟಿತ್ತು.

ಅತ್ತಿಗೆ ತೀರಿಕೊಂಡು ಬರುವ ಮಾಘಕ್ಕೆ ಎರಡು ವರ್ಷ. ವೈದಿಕದ ದಿನ ತಂಗಿಯ ಮಗಳಿಗೆ ಬರಲಾಗಲಿಲ್ಲ. ವೀಸಾ ಮುದ್ರೆಗೆ ಕಾನ್ಸುಲೇಟಿನಲ್ಲಿ ದಿನ ಸಿಕ್ಕದೆ ಇಲ್ಲಿಯೇ ಸಿಕ್ಕಿಕೊಂಡರೆ ಕೆಲಸಕ್ಕೂ ಮಕ್ಕಳ ಶಾಲೆಗೂ ಸಂಚಕಾರವೆಂದು ಹೆದರಿದಳು. ಫೋನಿನಲ್ಲಿ ಅತ್ತು, ಆ ಹಾಳೆಯನ್ನು ತೆಗೆದು ನೋಡಿದೆನೆಂದು ಹೇಳಿದಳು. ನೀಲಿ ಕಡತದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಆ ರುಜು ಹಾಗೆಯೇ ಇದೆಯಂತೆ, ತಿದ್ದಿದ ‘ಮ’ಕಾರದೊಡನೆ.